ಶುಕ್ರನಲ್ಲಿ ಸಾಗರವಿತ್ತೇ? ಒಂದೇ ಪ್ರಶ್ನೆಗೆ ಎರಡು ಹವಾಗುಣ ಮಾದರಿಗಳು ಕೊಟ್ಟ ಎರಡು ಉತ್ತರಗಳು

ನ್ಯೂಯಾರ್ಕ್ ನಗರದಲ್ಲಿರುವ ನಾಸಾದ ಗೊಡಾರ್ಡ್ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯ ಮೈಕೆಲ್ ವೇ ಮತ್ತು ಅವರ ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಇಂದು ಸೀಸವೂ ಕರಗುವಷ್ಟು ಕಾದಿರುವ ಶುಕ್ರಗ್ರಹದ ಮೇಲೆ 290 ಕೋಟಿ ವರ್ಷಗಳ ಹಿಂದೆ ಸುಮಾರು 11 ಡಿಗ್ರಿ ಸೆಲ್ಸಿಯಸ್ ಸರಾಸರಿ ತಾಪಮಾನವೂ ಆಳವಿಲ್ಲದ ಸಾಗರವೂ ಇದ್ದಿರಬಹುದು ಎಂದು ತೋರಿಸಿತು. ಐದು ವರ್ಷಗಳ ತರುವಾಯ, 2021ರ ಅಕ್ಟೋಬರ್‌ನಲ್ಲಿ, ಜಿನೀವಾದ ಮಾರ್ಟಿನ್ ಟರ್ಬೆ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಇದಕ್ಕೆ ನೇರ ವಿರುದ್ಧವಾದ ತೀರ್ಮಾನವನ್ನು ಮಂಡಿಸಿದರು: ಶುಕ್ರನ ನೆಲದ ಮೇಲೆ ನೀರು ಎಂದೂ ದ್ರವರೂಪದಲ್ಲಿ ನಿಲ್ಲಲೇ ಇಲ್ಲ. ಇಬ್ಬರೂ ಬಳಸಿದ್ದು ಇಡೀ ಗ್ರಹವನ್ನು ಮೂರು ಆಯಾಮಗಳಲ್ಲಿ ಲೆಕ್ಕ ಹಾಕುವ ಹವಾಗುಣ ಮಾದರಿಗಳನ್ನೇ. ಇಬ್ಬರೂ ನಂಬಿದ್ದು ಭೌತಶಾಸ್ತ್ರದ ಅವೇ ನಿಯಮಗಳನ್ನು. ಆದರೂ ಒಂದು ಕಡೆ ಸಾಗರ ಬಂತು, ಇನ್ನೊಂದು ಕಡೆ ಬರಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಹುಟ್ಟಿತು ಎಂಬುದನ್ನು ಬಿಡಿಸಿ ನೋಡುವುದೇ ಈ ಅಧ್ಯಯನದ ಕೆಲಸ.

ಮೊದಲಿಗೆ ಗ್ರಹದ ಇಂದಿನ ಸ್ಥಿತಿ. ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಎಂದು ಕರೆಯುವ ಈ ಗ್ರಹ ಅಷ್ಟು ಬೆಳ್ಳಗೆ ಹೊಳೆಯುವುದಕ್ಕೆ ಕಾರಣ ಅದನ್ನು ಪೂರ್ತಿ ಮುಚ್ಚಿರುವ ಗಂಧಕಾಮ್ಲದ ಮೋಡಗಳು. ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲನ್ನು ಅವು ಹಾಗೆಯೇ ಹಿಂದಕ್ಕೆ ಅಟ್ಟುತ್ತವೆ. ಭೂಮಿಗೆ ಸಿಗುವುದಕ್ಕಿಂತ 1.9 ಪಟ್ಟು ಬಿಸಿಲು ಶುಕ್ರನಿಗೆ ಸಿಗುತ್ತದೆಯಾದರೂ, ಈ ಮೋಡಗಳ ದೆಸೆಯಿಂದ ಅದು ಒಳಗೆ ಇಂಗಿಸಿಕೊಳ್ಳುವ ಶಕ್ತಿ ಪ್ರತಿ ಚದರ ಮೀಟರಿಗೆ ಸರಾಸರಿ 160 ವ್ಯಾಟ್ ಆಸುಪಾಸಿನಲ್ಲಿದೆ, ಭೂಮಿಯದು 240 ವ್ಯಾಟ್ ಆಸುಪಾಸಿನಲ್ಲಿದೆ. ಅಂದರೆ ಭೂಮಿಗಿಂತ ಕಡಿಮೆ ಬಿಸಿಲನ್ನು ಹೀರಿಕೊಂಡೂ ಶುಕ್ರನ ನೆಲ 464 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತಿದೆ. ನೆಲಮಟ್ಟದಲ್ಲಿ ವಾಯುವಿನ ಒತ್ತಡ ಭೂಮಿಯ ಒತ್ತಡದ ಸುಮಾರು 92 ಪಟ್ಟು, ಆ ವಾಯುವಿನಲ್ಲಿ ಶೇಕಡ 96.5 ಭಾಗ ಇಂಗಾಲದ ಡೈಆಕ್ಸೈಡ್. ಸೂರ್ಯನ ಸಾಮೀಪ್ಯವೊಂದರಿಂದಲೇ ಶುಕ್ರ ಹೀಗಾಯಿತು ಎಂಬ ವಿವರಣೆ ಇಲ್ಲಿಯೇ ಸೋಲುತ್ತದೆ. ಈ ಸ್ಥಿತಿಗೆ ಬರಲು ಗ್ರಹ ಯಾವ ದಾರಿ ತುಳಿಯಿತು ಎಂಬ ಚರಿತ್ರೆ ಬೇಕು, ಮತ್ತು ಆ ಚರಿತ್ರೆಯ ಬಹುಪಾಲು ನೆಲದ ಮೇಲೆ ಉಳಿದಿಲ್ಲ. 1990ರಿಂದ 1994ರವರೆಗೆ ರೇಡಾರ್ ಕಣ್ಣಿನಿಂದ ಮೋಡಗಳಾಚೆ ನೋಡಿದ ಮೆಗೆಲ್ಲನ್ ನೌಕೆಗೆ ಕಂಡ ಉಲ್ಕಾಕುಳಿಗಳು ಸಾವಿರದಷ್ಟು ಮಾತ್ರ. ಈಗಿನ ನೆಲದ ಹೆಚ್ಚಿನ ಭಾಗಕ್ಕೆ ಕೆಲವು ಹತ್ತಾರು ಕೋಟಿ ವರ್ಷಗಳಷ್ಟೇ ವಯಸ್ಸು ಎಂಬುದು ಅದರ ಅರ್ಥ. ಅದಕ್ಕೂ ಹಿಂದಿನ ಪುಟಗಳನ್ನು ಲಾವಾ ಅಳಿಸಿಬಿಟ್ಟಿದೆ.

ನೀರಿನ ವಿಷಯದಲ್ಲಿ ಉಳಿದಿರುವ ಅತ್ಯಂತ ಗಟ್ಟಿಯಾದ ಸಾಕ್ಷ್ಯ ದೊರೆತದ್ದು ಒಂದು ಅವಘಡದ ಮೂಲಕ. 1978ರ ಡಿಸೆಂಬರ್‌ನಲ್ಲಿ ಪಯೊನೀರ್ ವೀನಸ್ ಯೋಜನೆಯ ದೊಡ್ಡ ಶೋಧಕ ಗ್ರಹದೊಳಕ್ಕೆ ಇಳಿಯುತ್ತಿದ್ದಾಗ, ಸುಮಾರು 50 ಕಿಲೋಮೀಟರ್ ಎತ್ತರದಲ್ಲಿ ಗಂಧಕಾಮ್ಲದ ಹನಿ ಅದರ ದ್ರವ್ಯರಾಶಿ ಮಾಪಕದ (ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಉಪಕರಣದ) ಒಳಹರಿವಿನ ಕಿಂಡಿಗೆ ಅಡ್ಡಲಾಗಿ ಕೂತಿತು. ಹನಿ ಆರಿಹೋಗುವವರೆಗೆ ಹೊರಗಿನ ವಾಯು ಒಳಗೆ ಬರಲಿಲ್ಲ. ಆದರೆ ಆ ಹನಿಯೊಳಗಿದ್ದ ಹೈಡ್ರೋಜನ್ ಮತ್ತು ಅದರ ಭಾರದ ಸೋದರ ಡ್ಯೂಟೀರಿಯಂ ಎರಡೂ ಅಳತೆಗೆ ಸಿಕ್ಕವು. ಥಾಮಸ್ ಡಾನಹ್ಯೂ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೈಡ್ರೋಜನ್‌ಗೆ ಹೋಲಿಸಿದರೆ ಡ್ಯೂಟೀರಿಯಂ ಪ್ರಮಾಣ ಭೂಮಿಯಲ್ಲಿ ಇರುವುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚಿತ್ತು. ಈಗ ಸಾಮಾನ್ಯವಾಗಿ ಹೇಳುವ ಅಂಕಿ ಸುಮಾರು 150 ಪಟ್ಟು. ಹಗುರವಾದ ಹೈಡ್ರೋಜನ್ ಸುಲಭವಾಗಿ ಬಾಹ್ಯಾಕಾಶಕ್ಕೆ ಪಾರಾಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಆದ್ದರಿಂದ ಶುಕ್ರ ಬಹಳಷ್ಟು ನೀರನ್ನು ಕಳೆದುಕೊಂಡಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕಳೆದುಹೋದ ಆ ನೀರು ಎಂದಾದರೂ ಸಾಗರವಾಗಿ ನೆಲದ ಮೇಲೆ ತಂಗಿತ್ತೋ, ಅಥವಾ ಹುಟ್ಟಿದಂದಿನಿಂದ ಹಬೆಯಾಗಿಯೇ ಮೇಲೆ ಇದ್ದು ಹಬೆಯಾಗಿಯೇ ಹೋಯಿತೋ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಮಾದರಿಗಳು ಕಾಲಿಡುವುದು ಈ ಖಾಲಿ ಜಾಗದಲ್ಲಿ.

ಆರಂಭದ ಲೆಕ್ಕಗಳು ಒಂದೇ ಆಯಾಮದವು. ಗ್ರಹದ ಎಲ್ಲ ಭೇದಗಳನ್ನೂ ಸರಾಸರಿಯೊಳಗೆ ಕರಗಿಸಿ, ನೆಲದಿಂದ ಆಕಾಶದವರೆಗೆ ಒಂದು ಕಂಬವನ್ನು ನಿಲ್ಲಿಸಿ, ಅದರೊಳಗೆ ಶಾಖ ಹೇಗೆ ಏರುತ್ತದೆ ಎಂದು ನೋಡುವ ವಿಧಾನವದು. 1969ರಲ್ಲಿ ಆಂಡ್ರ್ಯೂ ಇಂಗರ್ಸಾಲ್ ಇಂಥ ಲೆಕ್ಕದಿಂದಲೇ ಒಂದು ಮಿತಿಯನ್ನು ಗುರುತಿಸಿದರು: ನೀರಾವಿಯಿಂದ ತುಂಬಿದ ವಾತಾವರಣ ಬಾಹ್ಯಾಕಾಶಕ್ಕೆ ಹೊರಹಾಕಬಲ್ಲ ಶಾಖಕ್ಕೆ ಒಂದು ಮೇಲ್ಮಿತಿ ಇದೆ, ಒಳಬರುವ ಬಿಸಿಲು ಅದನ್ನು ಮೀರಿದರೆ ಸಾಗರ ಪೂರ್ತಿ ಆವಿಯಾಗುವವರೆಗೆ ತಾಪಮಾನ ಏರುತ್ತಲೇ ಹೋಗುತ್ತದೆ. ಜಪಾನಿನ ಕೊಮಾಬಯಾಶಿ ಎರಡು ವರ್ಷ ಮೊದಲೇ ಇದೇ ತೀರ್ಮಾನಕ್ಕೆ ಬಂದಿದ್ದರು. ಲಗಾಮು ಕಳಚಿದ ಈ ಹಸಿರುಮನೆ ಪರಿಣಾಮದ ವಿವರವನ್ನು 1988ರಲ್ಲಿ ಜೇಮ್ಸ್ ಕಾಸ್ಟಿಂಗ್ ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿದರು. ಇವೆಲ್ಲ ಇಂದಿಗೂ ನಿಲ್ಲುವ ಕೆಲಸಗಳು. ಆದರೆ ಕಂಬದ ಮಾದರಿಗೆ ಹಗಲು-ರಾತ್ರಿಗಳಿಲ್ಲ, ಗಾಳಿಯಿಲ್ಲ, ಮೋಡ ಎಲ್ಲಿ ಕಟ್ಟಿತು ಎಂದು ಕೇಳಿದರೆ ಉತ್ತರಿಸಲು ಅದರಲ್ಲಿ ಜಾಗವೇ ಇಲ್ಲ.

ಮೂರು ಆಯಾಮದ ಮಾದರಿ ಗ್ರಹವನ್ನು ಅಕ್ಷಾಂಶ ರೇಖಾಂಶಗಳ ಚೌಕಗಳಾಗಿ ಕತ್ತರಿಸುತ್ತದೆ, ಪ್ರತಿ ಚೌಕದ ಮೇಲೂ ವಾಯುವಿನ ಪದರಗಳನ್ನು ಪೇರಿಸುತ್ತದೆ, ಮತ್ತು ಪ್ರತಿ ಪೆಟ್ಟಿಗೆಯಲ್ಲೂ ಚಲನೆ, ಶಾಖ, ತೇವಾಂಶ, ವಿಕಿರಣಗಳ ಸಮೀಕರಣಗಳನ್ನು ನಿಮಿಷಗಳ ಲೆಕ್ಕದ ಹೆಜ್ಜೆಗಳಲ್ಲಿ ಬಿಡಿಸುತ್ತ ಸಾಗುತ್ತದೆ. ಮೈಕೆಲ್ ವೇ ತಂಡದ ಮಾದರಿ, ಅದೇ ಸಂಸ್ಥೆಯಲ್ಲಿ ಭೂಮಿಯ ಹವಾಗುಣಕ್ಕೆಂದು ದಶಕಗಳಿಂದ ಬೆಳೆದುಬಂದ ಮಾದರಿಯನ್ನೇ ಬೇರೆ ಗ್ರಹಗಳಿಗೆ ಹೊಂದುವಂತೆ ಮಾರ್ಪಡಿಸಿದ ರಾಕಿ-3ಡಿ. ಅದರ ಚೌಕದ ಅಳತೆ 4 ಡಿಗ್ರಿ ಅಕ್ಷಾಂಶ, 5 ಡಿಗ್ರಿ ರೇಖಾಂಶ. ಇದು ಎಷ್ಟು ದೊಡ್ಡದು ಎಂದು ಅಂದಾಜಾಗಬೇಕಾದರೆ ಹೀಗೆ ನೋಡಬಹುದು: ಭೂಮಧ್ಯರೇಖೆಯ ಬಳಿ ಇಂಥ ಒಂದು ಚೌಕದ ವಿಸ್ತೀರ್ಣ ಇಡೀ ಕರ್ನಾಟಕಕ್ಕಿಂತ ಹೆಚ್ಚು. ಆಗುಂಬೆಯ ಜಡಿಮಳೆ, ಚಳ್ಳಕೆರೆಯ ಒಣ ಬಯಲು ಎರಡಕ್ಕೂ ಸೇರಿ ಅಲ್ಲಿ ಒಂದೇ ತಾಪಮಾನ, ಒಂದೇ ತೇವಾಂಶ. ಕೆಲವೇ ಕಿಲೋಮೀಟರ್ ಅಗಲದ ಮಳೆಮೋಡವನ್ನು ಈ ಜಾಲರಿ ಹಿಡಿಯಲಾರದು. ಆದ್ದರಿಂದ ಚೌಕದೊಳಗೆ ಎಷ್ಟು ಭಾಗ ಮೋಡವಿದೆ, ಅದರ ಹನಿಗಳು ಎಷ್ಟು ದಪ್ಪ, ಎಷ್ಟು ಬೇಗ ಮಳೆಯಾಗಿ ಉದುರುತ್ತವೆ ಎಂಬುದನ್ನೆಲ್ಲ ಅಂದಾಜು ಸೂತ್ರಗಳಿಂದ ತುಂಬಬೇಕಾಗುತ್ತದೆ. ಈ ಸೂತ್ರಗಳನ್ನು ಹದಗೊಳಿಸಿರುವುದು ಭೂಮಿಯ ಮೋಡಗಳ ಮೇಲಿನ ಅಳತೆಗಳಿಂದ. ಶುಕ್ರನ ಪ್ರಕರಣದಲ್ಲಿ ತೀರ್ಪು ಕೊಡುವುದು ಮೋಡವೇ ಆದ್ದರಿಂದ ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಈಗ 2016ರ ಪ್ರಯೋಗ. ವೇ ತಂಡ ಮೆಗೆಲ್ಲನ್ ನಕ್ಷೆಯ ತಗ್ಗುದಿಣ್ಣೆಗಳನ್ನು ತೆಗೆದುಕೊಂಡು, ತಗ್ಗುಗಳಲ್ಲಿ ಸರಾಸರಿ 310 ಮೀಟರ್ ಆಳದ ಸಾಗರವನ್ನು ತುಂಬಿತು; ಮೇಲೆ ಇಂದಿನ ಭೂಮಿಯನ್ನು ಹೋಲುವ, ನೈಟ್ರೋಜನ್ ಪ್ರಧಾನವಾದ, ಒಂದು ವಾತಾವರಣದಷ್ಟೇ ಒತ್ತಡದ ವಾಯುವನ್ನು ಹರಡಿತು; ಸೂರ್ಯನನ್ನು 290 ಕೋಟಿ ವರ್ಷಗಳ ಹಿಂದಿನ ಮಂದತೆಗೆ ಇಳಿಸಿತು; ಗ್ರಹವನ್ನು ಈಗಿನಂತೆಯೇ, 243 ಭೂದಿನಗಳಿಗೆ ಒಂದು ಸುತ್ತಿನಂತೆ, ಹಿಮ್ಮುಖವಾಗಿ ತಿರುಗಲು ಬಿಟ್ಟಿತು. ಈ ನಿಧಾನಗತಿಯಿಂದಾಗಿ ಶುಕ್ರನಲ್ಲಿ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ ಸುಮಾರು 117 ಭೂದಿನಗಳು ಬೇಕು. ತಿಂಗಳುಗಟ್ಟಲೆ ಒಂದೇ ಮಗ್ಗುಲು ಕಾಯುವಾಗ ಸಾಗರ ಕುದಿಯಬೇಕಲ್ಲವೇ ಎಂದು ಅನಿಸುವುದು ಸಹಜ. ಮಾದರಿ ತೋರಿಸಿದ್ದು ಬೇರೆ. ಸೂರ್ಯ ನೆತ್ತಿಯ ಮೇಲೆ ನಿಂತ ಕಡೆ ತೇವದ ಗಾಳಿ ವಿಶಾಲ ಪ್ರದೇಶದಲ್ಲಿ ಮೇಲೇರಿತು. ನಿಧಾನವಾಗಿ ತಿರುಗುವ ಗ್ರಹದಲ್ಲಿ ಗಾಳಿಯನ್ನು ಪಟ್ಟೆಪಟ್ಟೆಯಾಗಿ ಸೀಳುವ ಬಲ ದುರ್ಬಲವಾದ್ದರಿಂದ ಆ ಏರುಗಾಳಿಗೆ ತಡೆಯೇ ಇರಲಿಲ್ಲ. ಅದು ಹಗಲಿನ ಮಗ್ಗುಲಿನ ಮೇಲೆಲ್ಲ ದಟ್ಟ ಮೋಡದ ಕೊಡೆ ಹಿಡಿಯಿತು. ಬಿಸಿಲು ಎಲ್ಲಿ ಹೆಚ್ಚೋ ಅಲ್ಲಿಯೇ ನೆರಳು ಹೆಚ್ಚಾಯಿತು. ಜುನ್ ಯಾಂಗ್ ಮತ್ತು ಡೋರಿಯನ್ ಆ್ಯಬಟ್ ಮೊದಲಾದವರು 2014ರಲ್ಲಿ ಬೇರೊಂದು ಮಾದರಿಯಿಂದ ಕಂಡುಕೊಂಡಿದ್ದ ಇದೇ ಪರಿಣಾಮ ಇಲ್ಲಿ ನೈಜ ಭೂರೂಪದ ಮೇಲೂ ನಿಂತಿತು. 71.5 ಕೋಟಿ ವರ್ಷಗಳ ಹಿಂದಿನ, ಹೆಚ್ಚು ಪ್ರಖರವಾದ ಬಿಸಿಲಿಗೆ ಒಡ್ಡಿದಾಗಲೂ ಸರಾಸರಿ ತಾಪಮಾನ ಏರಿದ್ದು 15 ಡಿಗ್ರಿಯವರೆಗೆ ಮಾತ್ರ. ಆದರೆ ಗ್ರಹವನ್ನು 16 ಭೂದಿನಗಳಿಗೊಮ್ಮೆ ತಿರುಗುವಂತೆ ಮಾಡಿದಾಗ ಕೊಡೆ ಹರಿದು, ತಾಪಮಾನ 50 ಡಿಗ್ರಿಯನ್ನು ದಾಟಿತು.

2020ರಲ್ಲಿ ವೇ ಮತ್ತು ಆಂಟನಿ ಡೆಲ್ ಜೀನಿಯೊ ಇದೇ ಮಾರ್ಗದಲ್ಲಿ ಇನ್ನೂ ಅನೇಕ ಪ್ರಯೋಗಗಳನ್ನು ನಡೆಸಿ, ಸುಮಾರು 300 ಕೋಟಿ ವರ್ಷ ಶುಕ್ರ ಹಿತವಾಗಿಯೇ ಇದ್ದಿರಬಹುದು, ಅದನ್ನು ಕೆಡಿಸಿದ್ದು ಏರುತ್ತಿದ್ದ ಬಿಸಿಲಿಗಿಂತ ಹೆಚ್ಚಾಗಿ ಬೃಹತ್ ಜ್ವಾಲಾಮುಖಿ ಸ್ಫೋಟಗಳು ಇರಬಹುದು ಎಂದು ವಾದಿಸಿದರು. ಸುದ್ದಿ ಮಾಧ್ಯಮಗಳಲ್ಲಿ ಇದು "ಶುಕ್ರನಲ್ಲಿ ಸಾಗರವಿತ್ತು" ಎಂಬಲ್ಲಿಗೆ ಬಂದು ನಿಂತಿತು. ಪ್ರಬಂಧಗಳಲ್ಲಿ ಇದ್ದ "ಆರಂಭದಲ್ಲಿ ನೀರು ದ್ರವವಾಗಿ ನಿಂತಿದ್ದರೆ" ಎಂಬ ಶರತ್ತು ದಾರಿಯಲ್ಲಿ ಎಲ್ಲೋ ಉದುರಿಹೋಯಿತು. ಇಡೀ ಪ್ರಕರಣದ ಗಂಟು ಇರುವುದು ಆ ಶರತ್ತಿನಲ್ಲೇ ಎಂದು ನಾನು ಭಾವಿಸುತ್ತೇನೆ.

ಯಾವ ಶಿಲಾಗ್ರಹವೂ ತಣ್ಣಗೆ, ಸಾಗರ ತುಂಬಿಕೊಂಡು ಹುಟ್ಟುವುದಿಲ್ಲ. ಢಿಕ್ಕಿಗಳ ಶಾಖದಿಂದ ಕರಗಿದ ಬಂಡೆಯ ಕಡಲಾಗಿ ಅದು ಹುಟ್ಟುತ್ತದೆ. ಅದರ ನೀರೆಲ್ಲ ಆಗ ದಟ್ಟ ಹಬೆಯಾಗಿ ಮೇಲೆ ಕವಿದಿರುತ್ತದೆ. ಟರ್ಬೆ ತಂಡ ಪ್ರಯೋಗವನ್ನು ಆರಂಭಿಸಿದ್ದು ಈ ಬಿಂದುವಿನಿಂದ. ಪ್ಯಾರಿಸ್ಸಿನ ಪ್ರಯೋಗಾಲಯದಲ್ಲಿ ಬೆಳೆದ ಮಾದರಿಯೊಂದಕ್ಕೆ ಅವರು ಬಿಸಿ ಹಬೆಯ ವಾತಾವರಣವನ್ನು ಕೊಟ್ಟು, ಈ ಹಬೆ ತಣಿದು ಮಳೆಯಾಗಿ ನೆಲಕ್ಕೆ ಇಳಿಯುತ್ತದೆಯೇ ಎಂದು ಕೇಳಿದರು. ಉತ್ತರ ಮತ್ತೆ ಮೋಡಗಳಿಂದಲೇ ಬಂತು, ಆದರೆ ಮೋಡ ಕಟ್ಟಿದ ಜಾಗ ಬದಲಾಗಿತ್ತು. ನೀರಾವಿ ಅವಕೆಂಪು ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ಹಬೆ ದಟ್ಟವಾಗಿರುವಾಗ ಬಿಸಿಲಿನ ಬಹುಪಾಲು ನೆಲ ಮುಟ್ಟುವ ಮೊದಲೇ ಮೇಲಿನ ಪದರಗಳಲ್ಲಿ ಇಂಗಿ, ಆ ಪದರಗಳೇ ಕಾಯುತ್ತವೆ. ಮೇಲೆ ಬಿಸಿ ಪದರ, ಕೆಳಗೆ ಅದನ್ನು ದಾಟಿ ಏರಲಾರದ ವಾಯು: ಹೀಗಾದಾಗ ಏರುಗಾಳಿ ನಿಂತು, ಹಗಲಿನ ಮಗ್ಗುಲು ಮೋಡವಿಲ್ಲದೆ ಬರಿದಾಗುತ್ತದೆ. ರಾತ್ರಿಯ ಮಗ್ಗುಲು ಶಾಖ ಬಿಟ್ಟುಕೊಟ್ಟು ತಣಿಯುತ್ತದೆ, ಮೋಡ ಅಲ್ಲಿ ಕಟ್ಟುತ್ತದೆ. ರಾತ್ರಿಯ ಮೋಡಕ್ಕೆ ತಡೆಯಲು ಬಿಸಿಲೇ ಇಲ್ಲ. ಅದು ಮಾಡಬಲ್ಲ ಕೆಲಸ ಒಂದೇ, ಕೆಳಗಿನ ಶಾಖ ಹೊರಗೆ ಹೋಗದಂತೆ ಕಂಬಳಿ ಹೊದೆಸುವುದು. ಮೋಡ ಕವಿದ ರಾತ್ರಿ ಸೆಕೆ ಹೆಚ್ಚು ಎಂಬುದು ನಮಗೆಲ್ಲ ಮೈಗೆ ತಿಳಿದ ಸಂಗತಿ. ಮೊದಲ ಪ್ರಯೋಗದಲ್ಲಿ ಕೊಡೆಯಾಗಿದ್ದ ಮೋಡ ಎರಡನೆಯದರಲ್ಲಿ ಕಂಬಳಿಯಾಯಿತು.

ಈ ಕಂಬಳಿಯ ಬಲವನ್ನು ಟರ್ಬೆ ತಂಡ ಅಂಕಿಯಲ್ಲಿ ಕೊಟ್ಟಿತು. ಗ್ರಹದ ಇಡೀ ಮೈಗೆ ಸರಾಸರಿ ಮಾಡಿದ ಬಿಸಿಲು ಚದರ ಮೀಟರಿಗೆ 325 ವ್ಯಾಟ್‌ಗೆ, ಅಂದರೆ ಭೂಮಿಗೆ ಇಂದು ಸಿಗುವುದರ 0.95 ಪಟ್ಟಿಗೆ, ಇಳಿಯುವವರೆಗೂ ಹಬೆ ಸಾಗರವಾಗುವುದಿಲ್ಲ. ಹೊಸದಾಗಿ ಹುಟ್ಟಿದ ಸೂರ್ಯ ಇಂದಿನದರ ಶೇಕಡ 70ರಷ್ಟೇ ಹೊಳೆಯುತ್ತಿದ್ದ ಎಂದು ಇಟ್ಟುಕೊಂಡರೂ, ಅಂದಿನ ಶುಕ್ರನಿಗೆ ಚದರ ಮೀಟರಿಗೆ ಸರಾಸರಿ 450 ವ್ಯಾಟ್‌ಗೂ ಹೆಚ್ಚು ಬಿಸಿಲು ಬೀಳುತ್ತಿತ್ತು. ಮಿತಿಯ ಹತ್ತಿರಕ್ಕೂ ಅದು ಎಂದೂ ಬರಲಿಲ್ಲ. ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಶುಕ್ರನಿಗಿಂತ ಭೂಮಿಯ ಕುರಿತಾದ ಭಾಗ. ಭೂಮಿಗೆ ಇಂದು ಬೀಳುವ ಬಿಸಿಲು ಸರಾಸರಿ 340 ವ್ಯಾಟ್, ಅಂದರೆ ಆ ಮಿತಿಗಿಂತ ಹೆಚ್ಚು. ಭೂಮಿ ಇಂದಿನ ಸೂರ್ಯನ ಕೆಳಗೆ ಬಿಸಿಯಾಗಿ ಹುಟ್ಟಿದ್ದರೆ ಅದರ ಹಬೆಯೂ ಎಂದೂ ಕಡಲಾಗುತ್ತಿರಲಿಲ್ಲ. ಸೂರ್ಯ ಮಂಕಾಗಿದ್ದ ಕಾಲದಲ್ಲಿ ಸುಮಾರು 240 ವ್ಯಾಟ್‌ನ ಬಿಸಿಲಿನಲ್ಲಿ ನಮ್ಮ ಸಾಗರಗಳು ಇಳಿದವು, ಒಮ್ಮೆ ಇಳಿದ ಮೇಲೆ ಉಳಿದುಕೊಂಡವು. ಮಂಕು ಸೂರ್ಯನಿದ್ದೂ ಆದಿಭೂಮಿ ಹೆಪ್ಪುಗಟ್ಟದೆ ಹೇಗುಳಿಯಿತು ಎಂದು ವಿಜ್ಞಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದರು. ಇಲ್ಲಿ ಅದೇ ಮಂಕುತನ ನಮ್ಮ ಕಡಲಿನ ತಾಯಿಯಾಗಿ ಕಾಣಿಸುತ್ತದೆ.

ಹಾಗಾದರೆ ಎರಡರಲ್ಲಿ ಒಂದು ಮಾದರಿ ತಪ್ಪೇ? ಹಾಗೆ ಹೇಳಲು ಆಧಾರವಿಲ್ಲ. ಸಕಲೇಶಪುರದ ಕಡೆಯ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆಹನಿ ಒಂದು ಮಗ್ಗುಲಿಗೆ ಉರುಳಿದರೆ ಹೇಮಾವತಿಯನ್ನು ಸೇರಿ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇನ್ನೊಂದು ಮಗ್ಗುಲಿಗೆ ಉರುಳಿದರೆ ಕುಮಾರಧಾರೆಯ ಜೊತೆ ಅರಬ್ಬಿ ಸಮುದ್ರಕ್ಕೆ. ನೀರಿನ ನಿಯಮ ಎರಡೂ ಕಡೆ ಒಂದೇ. ಹವಾಗುಣಕ್ಕೂ ಇಂಥ ಎರಡು ಇಳಿಜಾರುಗಳಿವೆ: ಒಂದೇ ಗ್ರಹ, ಒಂದೇ ಬಿಸಿಲು, ಆದರೆ ಸಾಗರದಿಂದ ಹೊರಟರೆ ಸಾಗರದಲ್ಲೇ ನಿಲ್ಲುತ್ತದೆ, ಹಬೆಯಿಂದ ಹೊರಟರೆ ಹಬೆಯಲ್ಲೇ ನಿಲ್ಲುತ್ತದೆ. ಜೆರೆಮಿ ಲೆಕಾಂತ್ ಮತ್ತು ಸಂಗಡಿಗರು 2013ರಲ್ಲಿ, ಅದೇ ಪ್ಯಾರಿಸ್ ಮಾದರಿಯ ವಂಶದಿಂದಲೇ, ಸಾಗರ ತುಂಬಿದ ಭೂಮಿ ಲಗಾಮು ಕಳಚಿಕೊಳ್ಳುವುದು ಸುಮಾರು 375 ವ್ಯಾಟ್ ಬಿಸಿಲಿನಲ್ಲಿ ಎಂದು ತೋರಿಸಿದ್ದರು. ಇಳಿಯುವಾಗ 325, ಏರುವಾಗ 375. ಈ ಎರಡು ಅಂಕಿಗಳ ನಡುವಿನ ಜಾಗದಲ್ಲಿ ಗ್ರಹದ ಗತಿಯನ್ನು ನಿರ್ಧರಿಸುವುದು ಅದರ ಗತಕಾಲ. ಇಂದಿನ ಭೂಮಿ ಇರುವುದು ಆ ನಡುವಿನ ಜಾಗದಲ್ಲೇ. ಶುಕ್ರನ ನಿಧಾನಗತಿ ಮೇಲಿನ ಗಡಿಯನ್ನು ಇನ್ನೂ ಬಹಳ ಮೇಲಕ್ಕೆ ತಳ್ಳುತ್ತದೆ ಎಂಬುದು ವೇ ತಂಡದ ಫಲಿತಾಂಶದ ತಿರುಳು. ಕೆಳಗಿನ ಗಡಿಯನ್ನು ಶುಕ್ರ ಎಂದೂ ಮುಟ್ಟಲಿಲ್ಲ ಎಂಬುದು ಟರ್ಬೆ ತಂಡದ್ದು. ಎರಡೂ ಒಟ್ಟಿಗೆ ನಿಜವಾಗಿರಬಹುದು. ಆದರೆ ಕಾಲಕ್ರಮದಲ್ಲಿ ಟರ್ಬೆ ಕೇಳಿದ ಪ್ರಶ್ನೆ ಮೊದಲು ಬರುತ್ತದೆ, ಮತ್ತು ಅದಕ್ಕೆ "ಇಲ್ಲ" ಎಂಬ ಉತ್ತರ ಗಟ್ಟಿಯಾದರೆ ವೇ ಅವರ ಸಾಗರ ತುಂಬುವುದಕ್ಕೆ ಅವಕಾಶವೇ ಸಿಗುವುದಿಲ್ಲ.

ಆ "ಇಲ್ಲ" ಎಷ್ಟು ಗಟ್ಟಿ ಎಂದು ತೂಗುವಾಗ ಎರಡು ಸಂದೇಹಗಳನ್ನು ಎದುರಿಗೆ ಇಟ್ಟುಕೊಳ್ಳಬೇಕು. ರಾತ್ರಿಯ ಮೋಡ ಎಷ್ಟು ಎತ್ತರದಲ್ಲಿ, ಎಷ್ಟು ದಪ್ಪಗೆ ಕಟ್ಟುತ್ತದೆ ಎಂಬುದು ನಾನು ಮೊದಲೇ ಹೇಳಿದ ಅಂದಾಜು ಸೂತ್ರಗಳಿಗೆ ಅಂಟಿಕೊಂಡಿದೆ, ಮತ್ತು ಹಬೆಯ ವಾತಾವರಣವನ್ನು ಯಾರೂ ಎಲ್ಲಿಯೂ ಅಳೆದು ನೋಡಿಲ್ಲ. ಇನ್ನೊಂದು, ಆದಿ ಶುಕ್ರನ ಹಬೆಯ ಜೊತೆ ಯಾವ ಯಾವ ಅನಿಲಗಳು ಎಷ್ಟೆಷ್ಟು ಇದ್ದವು ಎಂಬುದು ಊಹೆ. ಆದರೂ ಮಾದರಿಯ ಹೊರಗಿನಿಂದ ಬಂದ ಸುಳಿವುಗಳು ಒಣ ಶುಕ್ರನ ಕಡೆಗೇ ವಾಲುತ್ತವೆ. ನೀರು ಒಡೆದು ಹೈಡ್ರೋಜನ್ ಹಾರಿಹೋದಾಗ ಆಮ್ಲಜನಕ ಉಳಿಯಬೇಕು. ಶುಕ್ರನ ವಾಯುವಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಬಂಡೆ ಇನ್ನೂ ಕರಗಿದ್ದ ಆರಂಭದಲ್ಲೇ ನೀರು ಕಳೆದುಹೋಗಿದ್ದರೆ ಆ ಆಮ್ಲಜನಕವನ್ನು ಶಿಲಾದ್ರವ ನುಂಗಿರಬಹುದು. ಸಾಗರ ಇತ್ತೀಚಿನವರೆಗೂ ಇದ್ದಿದ್ದರೆ ಅಷ್ಟನ್ನು ನುಂಗಿದ್ದು ಯಾವುದು ಎಂದು ಹೇಳುವುದು ಕಷ್ಟ. ಅಲೆಕ್ಸಾಂಡ್ರಾ ವಾರೆನ್ ಮತ್ತು ಎಡ್ವಿನ್ ಕೈಟ್ 2023ರಲ್ಲಿ ಈ ಆಮ್ಲಜನಕದ ಲೆಕ್ಕವನ್ನೂ ಗ್ರಹದ ಒಡಲಿನಿಂದ ಜ್ವಾಲಾಮುಖಿಗಳ ಮೂಲಕ ಹೊರಬರುವ ಆರ್ಗಾನ್ ಅನಿಲದ ಲೆಕ್ಕವನ್ನೂ ಒಟ್ಟಿಗೆ ಹಿಡಿದು ನೋಡಿದಾಗ, ಸಾಗರವುಳ್ಳ ಶುಕ್ರನಿಗೆ ಉಳಿದ ಸಾಧ್ಯತೆಯ ಕಿಂಡಿ ಬಹಳ ಕಿರಿದಾಗಿತ್ತು. 2024ರ ಡಿಸೆಂಬರ್‌ನಲ್ಲಿ ಕೇಂಬ್ರಿಜ್‌ನ ತೆರೆಸಾ ಕಾನ್ಸ್ಟಾಂಟಿನೂ ಮತ್ತು ಸಂಗಡಿಗರು, ಇಂದಿನ ವಾಯುವಿನ ರಾಸಾಯನಿಕ ಸಮತೋಲವನ್ನು ಕಾಪಾಡಲು ಶುಕ್ರನ ಜ್ವಾಲಾಮುಖಿಗಳು ಉಗುಳುವ ಅನಿಲದಲ್ಲಿ ನೀರಾವಿ ಹೆಚ್ಚೆಂದರೆ ಶೇಕಡ 6 ಇರಬೇಕು ಎಂದು ಲೆಕ್ಕ ಹಾಕಿದರು. ಭೂಮಿಯ ಜ್ವಾಲಾಮುಖಿಗಳ ಉಸಿರಿನಲ್ಲಿ ನೀರಾವಿಯದೇ ಸಿಂಹಪಾಲು. ಒಡಲೇ ಇಷ್ಟು ಒಣಗಿರುವ ಗ್ರಹದಲ್ಲಿ ದೀರ್ಘಕಾಲದ ಸಾಗರವನ್ನು ಕಲ್ಪಿಸುವುದು ನನಗಂತೂ ಈಗ ಕಷ್ಟವೆನಿಸುತ್ತದೆ.

ಇನ್ನು ಮುಂದಿನದು ಅಳತೆಯ ಕೆಲಸ. ಶುಕ್ರನ ಮೇಲ್ಮೈಯ ಶೇಕಡ 7ರಷ್ಟು ಭಾಗ ಟೆಸರಾ ಎಂಬ ಸುಕ್ಕುಗಟ್ಟಿದ ಹಳೆಯ ಎತ್ತರನೆಲ. ಲಾವಾ ಅಳಿಸದೆ ಬಿಟ್ಟ ಪುಟಗಳೇನಾದರೂ ಇದ್ದರೆ ಅಲ್ಲಿಯೇ ಇರಬೇಕು. ಅಲ್ಲಿನ ಬಂಡೆ ಗ್ರಾನೈಟಿನಂಥದ್ದಾದರೆ, ಅಂಥ ಬಂಡೆ ವಿಶಾಲವಾಗಿ ಹುಟ್ಟಲು ನೀರು ಬೇಕಾಗುವುದರಿಂದ, ಸಾಗರದ ಪಕ್ಷಕ್ಕೆ ಬಲ ಬರುತ್ತದೆ. ಲಾವಾ ಗಟ್ಟಿಯಾಗಿ ಆಗುವ ಬರಿಯ ಬಸಾಲ್ಟ್ ಆದರೆ ಆ ಪಕ್ಷ ಸೊರಗುತ್ತದೆ. 2021ರ ಜೂನ್‌ನಲ್ಲಿ ಆಯ್ಕೆಯಾದ ನಾಸಾದ ವೆರಿಟಾಸ್ ಮತ್ತು ಯುರೋಪಿನ ಎನ್‌ವಿಷನ್ ನೌಕೆಗಳು ಕಕ್ಷೆಯಿಂದಲೇ ಮೋಡಗಳನ್ನು ತೂರಿ ಹೊರಬರಬಲ್ಲ ಕೆಲವು ಅವಕೆಂಪು ತರಂಗಗಳ ಮೂಲಕ ಈ ಬಂಡೆಗಳ ಬಗೆಯನ್ನು ಗುರುತಿಸಲು ಉದ್ದೇಶಿಸಿವೆ. ಅದೇ ತಿಂಗಳು ಆಯ್ಕೆಯಾದ ನಾಸಾದ ಇನ್ನೊಂದು ಯೋಜನೆ ಡಾವಿಂಚಿಯ ಶೋಧಕ ಆಲ್ಫಾ ರೀಜಿಯೊ ಎಂಬ ಟೆಸರಾದ ಮೇಲೆ ಇಳಿಯುತ್ತ ಡ್ಯೂಟೀರಿಯಂ ಮತ್ತು ಜಡ ಅನಿಲಗಳನ್ನು ಎತ್ತರದಿಂದ ಎತ್ತರಕ್ಕೆ ಅಳೆಯಲಿದೆ. 1978ರಲ್ಲಿ ಒಂದು ಹನಿಯಿಂದ ಸಿಕ್ಕ ಅಂಕಿಗೆ ಆಗ ಸರಿಯಾದ ಜೊತೆ ಸಿಗುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋದ ಶುಕ್ರಯಾನಕ್ಕೂ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 1236 ಕೋಟಿ ರೂಪಾಯಿಗಳ ಮಂಜೂರಾತಿ ಕೊಟ್ಟಿದೆ, ಉಡಾವಣೆಗೆ ಗೊತ್ತುಮಾಡಿದ ಅವಕಾಶ 2028ರ ಮಾರ್ಚ್. ಅದು ಕಕ್ಷೆಯಲ್ಲೇ ಸುತ್ತುವ ನೌಕೆ. ಶುಕ್ರನ ನೆಲ, ವಾಯುಮಂಡಲ ಮತ್ತು ಸೂರ್ಯನ ಪ್ರಭಾವದಿಂದ ಆ ವಾಯುಮಂಡಲದಲ್ಲಿ ನಡೆಯುವ ಬದಲಾವಣೆಗಳು ಅದರ ಅಧ್ಯಯನದ ವಸ್ತು.